ಹನಿಗೂ ಲೆಕ್ಕ ಬೇಕು

ಮಲೆನಾಡಿನ ಸಂಘಟನೆಗಳ ಕರಪತ್ರಗಳು ಒಂದು ಕಾಲದಲ್ಲಿ ಸೈಕ್ಲೋಸ್ಟೈಲ್ ಯಂತ್ರದಲ್ಲಿ ಸಿದ್ಧವಾಗುತ್ತಿದ್ದವು. ಎಷ್ಟು ಶಾಯಿ ಹೋಯಿತೆಂಬುದು ಉರುಳೆ ತಿರುಗಿಸುವವರ ಕೈಗೇ ಅಂಟಿಕೊಂಡು ತಿಳಿಯುತ್ತಿತ್ತು. ಇಂದು ಪ್ರೌಢಶಾಲೆ, ಸಹಕಾರಿ ಸಂಘ, ಗ್ರಾಮ ಪಂಚಾಯಿತಿ, ಪೇಟೆಯ ಝೆರಾಕ್ಸ್ ಅಂಗಡಿ ಎಲ್ಲೆಡೆ ಇಂಕ್‌ಜೆಟ್ ಮುದ್ರಕ ಬಂದು ಕುಳಿತಿದೆ. ಅದರ ಶಾಯಿ ಕಣ್ಣಿಗೆ ಕಾಣದು, ಕೈಗೆ ಅಂಟದು. ಕಾರ್ಟ್ರಿಜ್ ಬರಿದಾಯಿತೆಂದು ಗಣಕದ ಪರದೆ ಸೂಚಿಸಿದಾಗ ಮಾತ್ರ ಅದರ ನೆನಪಾಗುತ್ತದೆ.

ಈ ಮರೆವಿನ ನಡುವೆ ಎರಡು ನಂಬಿಕೆಗಳು ಬೇರೂರಿವೆ. ಮುದ್ರಣದ ಬಿಂದುಸಾಂದ್ರತೆ, ಅಂದರೆ ರೆಸಲ್ಯೂಷನ್, ಹೆಚ್ಚಿದಷ್ಟೂ ಮುದ್ರಣ ಶ್ರೇಷ್ಠವೆಂದು ನಂಬಿ ಗ್ರಾಮಸಭೆಯ ನೋಟೀಸನ್ನೂ ‘ಬೆಸ್ಟ್’ ವಿಧಾನದಲ್ಲಿ ಮುದ್ರಿಸುವವರು ಒಂದು ಕಡೆ. ಬಿಂದುಸಾಂದ್ರತೆ ತಗ್ಗಿಸಿದಷ್ಟೂ ಪರಿಸರ ಉಳಿಯುತ್ತದೆಂದು ನಂಬಿ ಎಲ್ಲವನ್ನೂ ‘ಡ್ರಾಫ್ಟ್’ನಲ್ಲಿ ಮಸುಕಾಗಿ ತೆಗೆದು, ಓದಲಾಗದೆ ಮತ್ತೊಮ್ಮೆ ಮುದ್ರಿಸುವವರು ಇನ್ನೊಂದು ಕಡೆ. ಎರಡೂ ಅರ್ಧ ಸತ್ಯಗಳು. ಬಿಂದುವಿನ ಸಂಖ್ಯೆಯೊಂದೇ ಶಾಯಿಯ ಖರ್ಚನ್ನು ನಿರ್ಧರಿಸುವುದಿಲ್ಲ. ಕಾಗದದ ಮೇಲೆ ಒಟ್ಟು ಎಷ್ಟು ದ್ರವ ಬೀಳುತ್ತದೆ ಎಂಬುದು ನಿರ್ಧರಿಸುತ್ತದೆ. ಅಣೆಕಟ್ಟು, ಗಣಿ, ಹೆದ್ದಾರಿ ಯೋಜನೆಗಳ ಅಂಕಿಅಂಶಗಳನ್ನು ಪ್ರಶ್ನಿಸುವ ಚಳವಳಿಗೆ ತನ್ನದೇ ಮೇಜಿನ ಮೇಲಿನ ಅಂಕಿಅಂಶ ತಿಳಿದಿರಬೇಕಾದುದು ನ್ಯಾಯ.

ಸಿಂಪಡಣೆಯ ಪಾಠ

ಅಡಕೆ ತೋಟದವರಿಗೆ ಇದು ಹೊಸ ವಿಚಾರವೇನಲ್ಲ. ಕೊಳೆರೋಗಕ್ಕೆ ಶೇ. 1ರ ಬೋರ್ಡೋ ದ್ರಾವಣ ಸಿದ್ಧಪಡಿಸುವಾಗ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಎಂಬ ಲೆಕ್ಕ ಎಲ್ಲರಿಗೂ ಗೊತ್ತು. ಆದರೆ ಒಂದು ಕೊನೆಗೆ ಎಷ್ಟು ದ್ರಾವಣ ತಗಲುತ್ತದೆ ಎಂಬುದನ್ನು ನಾಜಲ್ ನಿರ್ಧರಿಸುತ್ತದೆ. ರಂಧ್ರ ದೊಡ್ಡದಾದರೆ ದಪ್ಪ ಹನಿಗಳು ಬಿದ್ದು, ಒಂದಕ್ಕೊಂದು ಕೂಡಿ, ಕೊನೆಯಿಂದ ಹರಿದು ನೆಲ ಸೇರುತ್ತವೆ. ಹನಿ ಸಣ್ಣದಾದರೆ ಸಂಖ್ಯೆ ಎಷ್ಟೋ ಪಟ್ಟು ಹೆಚ್ಚಿದರೂ ಅಷ್ಟೇ ದ್ರಾವಣದಲ್ಲಿ ಹೆಚ್ಚು ಕಾಯಿಗಳು ನೆನೆಯುತ್ತವೆ. ಹನಿಗಳ ಸಂಖ್ಯೆಯನ್ನು ಹನಿಯ ಗಾತ್ರದಿಂದ ಗುಣಿಸಿದಾಗ ಬರುವುದೇ ಖರ್ಚು.

ಇಂಕ್‌ಜೆಟ್ ಮುದ್ರಕವೂ ಒಂದು ಸಿಂಪಡಣಾ ಯಂತ್ರವೇ. ಅದರ ತಲೆಯಲ್ಲಿ ಕೂದಲಿಗಿಂತ ಕಿರಿದಾದ ನೂರಾರು ನಾಜಲ್‌ಗಳಿರುತ್ತವೆ. ಕೆಲವು ಯಂತ್ರಗಳಲ್ಲಿ ಶಾಯಿಯನ್ನು ಕ್ಷಣಮಾತ್ರ ಕಾಯಿಸಿ, ಉಂಟಾದ ಗುಳ್ಳೆಯ ಒತ್ತಡದಿಂದ ಹನಿಯನ್ನು ಚಿಮ್ಮಿಸಲಾಗುತ್ತದೆ. ಇನ್ನು ಕೆಲವದರಲ್ಲಿ ವಿದ್ಯುತ್ ಹಾಯಿಸಿದಾಗ ಆಕಾರ ಬದಲಿಸುವ ಹರಳು ಶಾಯಿಯನ್ನು ನೂಕುತ್ತದೆ. ಈ ಹನಿಯನ್ನು ಅಳೆಯುವ ಮಾನ ಪಿಕೋಲೀಟರ್. ಒಂದು ಲೀಟರನ್ನು ಲಕ್ಷ ಕೋಟಿಯಲ್ಲಿ ಹನ್ನೊಂದನೆಯ ಸೊನ್ನೆಯವರೆಗೂ ಅಲ್ಲ, ಹನ್ನೆರಡು ಸೊನ್ನೆಗಳ ಸಂಖ್ಯೆಯಿಂದ ಭಾಗಿಸಿದರೆ ಬರುವಷ್ಟು ಕಿರಿದು. 1 ಪಿಕೋಲೀಟರ್ ಹನಿಯ ಅಡ್ಡಳತೆ ಒಂದು ಮಿಲಿಮೀಟರಿನ ಎಂಬತ್ತನೆಯ ಒಂದು ಭಾಗದಷ್ಟು.

ಬಿಂದುಸಾಂದ್ರತೆಯನ್ನು ಡಿಪಿಐ ಎಂಬ ಮಾನದಲ್ಲಿ ಹೇಳುವುದು ರೂಢಿ. ಒಂದು ಅಂಗುಲದ ಸಾಲಿನಲ್ಲಿ ಎಷ್ಟು ಬಿಂದುಗಳೆಂಬುದು ಅದರ ಅರ್ಥ. 1984ರಲ್ಲಿ ಮಾರುಕಟ್ಟೆಗೆ ಬಂದ ಎಚ್‌ಪಿ ಕಂಪೆನಿಯ ಥಿಂಕ್‌ಜೆಟ್ ಮುದ್ರಕದಲ್ಲಿ ಅದು 96 ಇತ್ತು. 1988ರ ಡೆಸ್ಕ್‌ಜೆಟ್‌ನಲ್ಲಿ 300 ಆಯಿತು. ಬಳಿಕ 600, 1200 ಎಂದು ಏರುತ್ತ ಹೋಯಿತು. ಇದು ಸಾಲಿನ ಲೆಕ್ಕವಾದ್ದರಿಂದ ಚದರ ಅಂಗುಲಕ್ಕೆ ಬಂದಾಗ ವರ್ಗವಾಗುತ್ತದೆ: 300 ಡಿಪಿಐಯಲ್ಲಿ 90,000 ಬಿಂದುಗಳು, 600ರಲ್ಲಿ 3,60,000, 1200ರಲ್ಲಿ 14,40,000. ಸಾಂದ್ರತೆ ಇಮ್ಮಡಿಯಾದರೆ ಬಿಂದುಗಳು ನಾಲ್ಮಡಿ. ಹನಿಯ ಗಾತ್ರ ಬದಲಾಗದಿದ್ದರೆ ಶಾಯಿಯೂ ನಾಲ್ಮಡಿಯಾಗಿ, ಕಾಗದ ಒದ್ದೆಯಾಗಿ ಹರಿದೇಹೋಗಬೇಕಿತ್ತು.

ಹಾಗಾಗದಿರುವುದಕ್ಕೆ ಕಾರಣ, ಬಿಂದುಗಳು ಒತ್ತೊತ್ತಾದಂತೆ ಹನಿಯೂ ಕಿರಿದಾಗುತ್ತ ಬಂದಿರುವುದು. ಒಂದು ಚದರ ಅಂಗುಲವನ್ನು ಪೂರ್ತಿ ಕಪ್ಪಾಗಿಸುವ ಲೆಕ್ಕ ಹಾಕಿ ನೋಡಬಹುದು. 300 ಡಿಪಿಐಯಲ್ಲಿ 30 ಪಿಕೋಲೀಟರ್ ಹನಿ ಬಿದ್ದರೆ ಒಟ್ಟು 2.7 ಮೈಕ್ರೋಲೀಟರ್ ಶಾಯಿ. 600ರಲ್ಲಿ 10 ಪಿಕೋಲೀಟರ್ ಹನಿಯಾದರೆ 3.6. 1200ರಲ್ಲಿ 3 ಪಿಕೋಲೀಟರ್ ಹನಿಯಾದರೆ 4.3, 2 ಪಿಕೋಲೀಟರ್ ಹನಿಯಾದರೆ 2.9. ಬಿಂದುಗಳ ಸಂಖ್ಯೆ ಹದಿನಾರು ಪಟ್ಟು ಏರಿದರೂ ಶಾಯಿಯ ಪ್ರಮಾಣ ಒಂದೇ ಆಸುಪಾಸಿನಲ್ಲಿ ಸುಳಿಯುತ್ತದೆ. ಡಿಪಿಐ ಹೆಚ್ಚಿದರೆ ಶಾಯಿಯೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆಂಬ ಮಾತು ಹೀಗೆ ಬಿದ್ದುಹೋಗುತ್ತದೆ.

‘ಬೆಸ್ಟ್’ ಎಂದೊಡನೆ ಆಗುವುದೇನು?

ಹಾಗಿದ್ದರೂ ‘ಬೆಸ್ಟ್’ ವಿಧಾನದಲ್ಲಿ ಕಾರ್ಟ್ರಿಜ್ ಬೇಗ ಬರಿದಾಗುವುದು ಸುಳ್ಳಲ್ಲ. ಮುದ್ರಣದ ಗುಣಮಟ್ಟ ಆರಿಸುವ ಆ ಒಂದು ಗುಂಡಿ ಬಿಂದುಸಾಂದ್ರತೆಯ ಜೊತೆಗೆ ಇನ್ನೂ ಹಲವು ಸಂಗತಿಗಳನ್ನು ಬದಲಿಸುತ್ತದೆ. ಬಣ್ಣ ಗಾಢವಾಗಿ ಕಾಣಲೆಂದು ಒಂದೇ ಜಾಗಕ್ಕೆ ಹೆಚ್ಚು ಹನಿಗಳನ್ನು ಬೀಳಿಸುತ್ತದೆ. ಮುದ್ರಣದ ತಲೆಯನ್ನು ಅದೇ ಸಾಲಿನ ಮೇಲೆ ಮತ್ತೆ ಮತ್ತೆ ಓಡಿಸುತ್ತದೆ. ‘ಡ್ರಾಫ್ಟ್’ ಆರಿಸಿದಾಗ ಇದರ ವಿಲೋಮ: ಬೀಳಬೇಕಾದ ಹನಿಗಳಲ್ಲಿ ಒಂದಷ್ಟನ್ನು ಬಿಟ್ಟೇ ಮುಂದೆ ಸಾಗುವುದರಿಂದ ಅಕ್ಷರ ತುಸು ಬೂದುಬಣ್ಣಕ್ಕೆ ತಿರುಗುತ್ತದೆ. ಶಾಯಿ ಉಳಿಯುವುದು ಹನಿಗಳು ಕಡಿಮೆಯಾದದ್ದರಿಂದ.

ಇದಕ್ಕಿಂತಲೂ ದೊಡ್ಡ ವ್ಯತ್ಯಾಸ ಮಾಡುವುದು ಕಾಗದದ ಆಯ್ಕೆ. ಸಾದಾ ಕಾಗದವನ್ನಿಟ್ಟು, ಗಣಕದಲ್ಲಿ ‘ಫೋಟೋ ಪೇಪರ್’ ಎಂದು ಗುರುತಿಸಿದರೆ, ಲೇಪನವಿರುವ ಕಾಗದ ಹಿಡಿದಿಡಬಲ್ಲಷ್ಟು ಶಾಯಿಯನ್ನು ಯಂತ್ರ ಸಾದಾ ಹಾಳೆಯ ಮೇಲೆ ಸುರಿಯುತ್ತದೆ. ನಾರುಗಳ ನಡುವೆ ಶಾಯಿ ಹರಿದು ಅಂಚುಗಳು ಕದಡುತ್ತವೆ. ಕೊನೆಯಿಂದ ಬೋರ್ಡೋ ದ್ರಾವಣ ಸೋರಿದಂತೆಯೇ ಇದೂ. ಅಕ್ಷರಕ್ಕೆ ಬೇರೆ, ಚಿತ್ರಕ್ಕೆ ಬೇರೆ ಶಾಯಿಯಿರುವ ಯಂತ್ರಗಳಲ್ಲಂತೂ ಫೋಟೋ ಕಾಗದವೆಂದು ಹೇಳಿದಾಗ ಕಪ್ಪು ಅಕ್ಷರವನ್ನು ಮೂರು ಬಣ್ಣಗಳನ್ನು ಬೆರೆಸಿ ಮೂಡಿಸುವುದೂ ಉಂಟು. ಒಂದರ ಜಾಗದಲ್ಲಿ ಮೂರು ಶಾಯಿ ಖರ್ಚು.

ಪೆಟ್ಟಿಗೆಯ ಮೇಲೆ ದೊಡ್ಡಕ್ಷರದಲ್ಲಿ ಅಚ್ಚಾಗುವ 4800×1200, 5760×1440 ಎಂಬ ಸಂಖ್ಯೆಗಳಿಗೂ ಮರುಳಾಗಬೇಕಿಲ್ಲ. ಹನಿಯನ್ನು ಎಷ್ಟು ಸೂಕ್ಷ್ಮ ಅಂತರದಲ್ಲಿ ಇಡಬಹುದೆಂಬುದನ್ನು ಅವು ಹೇಳುತ್ತವೆ; ಅಷ್ಟು ಬಿಂದುಗಳು ಬಿಡಿಬಿಡಿಯಾಗಿ ಕಾಣುತ್ತವೆಂದಲ್ಲ. ಆರೋಗ್ಯವಂತ ಕಣ್ಣು 30 ಸೆಂಟಿಮೀಟರ್ ದೂರದಿಂದ ಬೇರ್ಪಡಿಸಿ ನೋಡಬಲ್ಲದ್ದು ಸುಮಾರು 300 ಡಿಪಿಐ ಅಂತರದ ಬಿಂದುಗಳನ್ನು. ಅದಕ್ಕಿಂತ ಹೆಚ್ಚಿನದು ತೆಳುಬಣ್ಣಗಳ ನಯಕ್ಕೆ, ಚಿತ್ರದ ನೆರಳು-ಬೆಳಕಿನ ಇಳಿಜಾರಿಗೆ ನೆರವಾಗುತ್ತದೆ. ಸಭೆಯ ನಡಾವಳಿಗೆ ಅದರ ಅಗತ್ಯವಿಲ್ಲ.

ವಿದ್ಯಾರ್ಥಿಗಳಲ್ಲಿ ಸಾಮಾನ್ಯವಾದ ಇನ್ನೊಂದು ಗೊಂದಲವಿದೆ. ಪ್ರಾಜೆಕ್ಟ್ ವರದಿಯ ಛಾಯಾಚಿತ್ರದ ಪಿಕ್ಸೆಲ್‌ಗಳನ್ನು ತಗ್ಗಿಸಿದರೆ ಶಾಯಿ ಉಳಿಯುತ್ತದೆಂದು ಹಲವರು ಭಾವಿಸುತ್ತಾರೆ. ಉಳಿಯುವುದಿಲ್ಲ. ಅದೇ ಅಳತೆಯಲ್ಲಿ, ಅದೇ ಗಾಢತೆಯಲ್ಲಿ ಮುದ್ರಿಸಿದರೆ ಚಿತ್ರ ಒಡೆದು ಕಾಣುತ್ತದೆಯೇ ಹೊರತು ಶಾಯಿ ಅಷ್ಟೇ ಹೋಗುತ್ತದೆ. ಚಿತ್ರದ ಉದ್ದಗಲಗಳನ್ನು ಅರ್ಧಕ್ಕಿಳಿಸಿದರೆ ಮಾತ್ರ ಶಾಯಿ ಕಾಲುಭಾಗಕ್ಕೆ ಇಳಿಯುತ್ತದೆ. ಪುಟದ ಸುತ್ತ ಹಾಕುವ ಬಣ್ಣದ ಅಂಚು, ತಲೆಬರಹದ ಹಿಂದಿನ ಕಡುಹಸಿರು ಪಟ್ಟಿ, ಎಲೆ-ಬಳ್ಳಿಗಳ ಹಿನ್ನೆಲೆ ಇವೆಲ್ಲವೂ ಪರಿಸರದ ಹೆಸರಿನಲ್ಲೇ ಶಾಯಿಯನ್ನು ಕುಡಿಯುತ್ತವೆ.

ಕನ್ನಡಕ್ಕೆ ಬೇಕಾದಷ್ಟು

ಮಿತವ್ಯಯಕ್ಕೂ ಒಂದು ಮಿತಿಯಿದೆ. ಅದನ್ನು ಗುರುತಿಸಬೇಕಾದದ್ದು ಕನ್ನಡ ಲಿಪಿಯ ಸ್ವಭಾವದಿಂದ. 12 ಪಾಯಿಂಟ್ ಅಕ್ಷರದ ಒಟ್ಟು ಎತ್ತರ ಅಂಗುಲದ ಆರನೆಯ ಒಂದು ಭಾಗ. 300 ಡಿಪಿಐಯಲ್ಲಿ ಈ ಎತ್ತರಕ್ಕೆ ದೊರೆಯುವುದು 50 ಬಿಂದುಗಳು, 600ರಲ್ಲಿ 100. ರೋಮನ್ ಲಿಪಿಯಲ್ಲಿ ಒಂದು ಸಾಲಿಗೆ ಒಂದೇ ಅಂತಸ್ತು. ಕನ್ನಡದಲ್ಲಿ ತಲೆಕಟ್ಟು, ಗುಣಿತದ ಚಿಹ್ನೆ, ಮೂಲಾಕ್ಷರ, ಅದರ ಕೆಳಗಿನ ಒತ್ತು ಎಲ್ಲವೂ ಅದೇ 50 ಬಿಂದುಗಳನ್ನು ಹಂಚಿಕೊಳ್ಳಬೇಕು. ‘ರಾಷ್ಟ್ರ’, ‘ಸ್ವಾತಂತ್ರ್ಯ’ ಮುಂತಾದ ಪದಗಳ ಒತ್ತುಗಳ ಪಾಲಿಗೆ ಹತ್ತು-ಹನ್ನೆರಡು ಬಿಂದುಗಳಷ್ಟೇ ಉಳಿಯುತ್ತವೆ. ಶಾಯಿ ತುಸು ಹರಡಿದರೂ ಸುರುಳಿಗಳ ಕಣ್ಣು ಮುಚ್ಚಿ ‘ಪ’ ಯಾವುದು, ‘ಷ’ ಯಾವುದೆಂದು ತಿಳಿಯದಾಗುತ್ತದೆ.

ಆದ್ದರಿಂದ ವೃದ್ಧರೂ ಓದಬೇಕಾದ ಕರಪತ್ರವನ್ನು, 10 ಪಾಯಿಂಟಿನ ಚಿಕ್ಕ ಅಕ್ಷರದ ಸುದ್ದಿಪತ್ರವನ್ನು ‘ಡ್ರಾಫ್ಟ್’ನಲ್ಲಿ ಮುದ್ರಿಸುವುದು ಉಳಿತಾಯವಲ್ಲ. ಓದಿಸಿಕೊಳ್ಳದ ಹಾಳೆಯಲ್ಲಿ ಶಾಯಿಯೂ ವ್ಯರ್ಥ, ಕಾಗದವೂ ವ್ಯರ್ಥ. ಅಲ್ಲಿ ‘ನಾರ್ಮಲ್’ ಬೇಕು. ಗ್ರಾಮ ಪಂಚಾಯಿತಿಯ ಜನತಾ ಜೀವವೈವಿಧ್ಯ ದಾಖಲಾತಿಗೆ ಅಂಟಿಸುವ ಆರ್ಕಿಡ್ ಹೂವಿನ ಚಿತ್ರಕ್ಕೆ, ಎಲೆಚುಕ್ಕೆ ರೋಗವನ್ನು ರೈತರಿಗೆ ಪರಿಚಯಿಸುವ ಚಿತ್ರಕ್ಕೆ ಎಲೆಯ ನರವೂ ಚುಕ್ಕೆಯ ಅಂಚೂ ಸ್ಪಷ್ಟವಾಗಿ ಕಾಣಬೇಕು. ಅಲ್ಲಿ ಲೇಪನದ ಕಾಗದವೂ ‘ಬೆಸ್ಟ್’ ವಿಧಾನವೂ ದುಂದಲ್ಲ. ಕರಡು ತಿದ್ದುವುದಕ್ಕೆ, ಲೆಕ್ಕಪತ್ರ ಪರಿಶೀಲನೆಗೆ ‘ಡ್ರಾಫ್ಟ್’ ಸಾಕು.

ಹಸಿರು ಅಕ್ಷರಗಳ ಕಥೆ

ಶಾಯಿ ಉಳಿತಾಯದ ಹೆಸರಿನಲ್ಲಿ ಜಗತ್ತಿನ ಬೇರೆಡೆ ನಡೆದ ಪ್ರಯತ್ನಗಳೂ ಪಾಠ ಹೇಳುತ್ತವೆ. 2008ರ ಕೊನೆಯಲ್ಲಿ ನೆದರ್ಲೆಂಡ್ಸಿನ ಸಂಸ್ಥೆಯೊಂದು ಅಕ್ಷರಗಳ ಒಡಲಲ್ಲಿ ಸಣ್ಣ ರಂಧ್ರಗಳಿರುವ ‘ಇಕೋಫಾಂಟ್’ ಎಂಬ ಅಕ್ಷರವಿನ್ಯಾಸವನ್ನು ಹೊರತಂದು, ಶೇ. 20ರವರೆಗೆ ಶಾಯಿ ಉಳಿಯುವುದೆಂದಿತು. 2010ರಲ್ಲಿ ಅಮೆರಿಕದ ವಿಸ್ಕಾನ್ಸಿನ್-ಗ್ರೀನ್ ಬೇ ವಿಶ್ವವಿದ್ಯಾಲಯ ತನ್ನ ಇಮೇಲ್‌ಗಳಿಗೆ ತೆಳುಗೆರೆಯ ಸೆಂಚುರಿ ಗೋಥಿಕ್ ಅಕ್ಷರವನ್ನು ಆರಿಸಿಕೊಂಡಿತು. ಗೆರೆ ತೆಳುವಾದದ್ದು ನಿಜ. ಆದರೆ ಅಕ್ಷರ ಅಗಲವಾದ್ದರಿಂದ ಬರಹ ಹೆಚ್ಚು ಪುಟಗಳಿಗೆ ಹಬ್ಬುವ ಸಂಭವವಿತ್ತು.

2014ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನ ಭಾರತೀಯ ಮೂಲದ 14 ವರ್ಷದ ವಿದ್ಯಾರ್ಥಿಯೊಬ್ಬ ಗ್ಯಾರಮಂಡ್ ಅಕ್ಷರ ಬಳಸಿದರೆ ತನ್ನ ಶಾಲಾ ಜಿಲ್ಲೆಯ ಶಾಯಿ ಖರ್ಚು ಶೇ. 24ರಷ್ಟು ತಗ್ಗುವುದೆಂದು ತೋರಿಸಿದ್ದು ವಿಶ್ವದ ಗಮನ ಸೆಳೆಯಿತು. ಗಣಕದ ಲೆಕ್ಕವನ್ನು ತಾಳೆ ನೋಡಲು ಆತ ಅಕ್ಷರಗಳನ್ನು ದೊಡ್ಡದಾಗಿ ಮುದ್ರಿಸಿ, ದಪ್ಪ ಕಾಗದದಲ್ಲಿ ಕತ್ತರಿಸಿ, ತೂಗಿ ನೋಡಿದ್ದ. ಅಕ್ಷರವಿನ್ಯಾಸ ಬಲ್ಲವರು ಎತ್ತಿದ ಆಕ್ಷೇಪವೂ ಅಷ್ಟೇ ತೂಕದ್ದು: ಅದೇ ಪಾಯಿಂಟಿನಲ್ಲಿ ಗ್ಯಾರಮಂಡ್ ಅಕ್ಷರಗಳು ಚಿಕ್ಕದಾಗಿಯೇ ಕಾಣುತ್ತವೆ, ಓದಲು ಅಷ್ಟೇ ಸುಲಭವಾಗುವಂತೆ ಹಿಗ್ಗಿಸಿದರೆ ಉಳಿತಾಯ ಕರಗುತ್ತದೆ. ಆಕ್ಷೇಪ ಸರಿಯಾಗಿದ್ದರೂ ಬಾಲಕನ ವಿಧಾನ ಮೆಚ್ಚತಕ್ಕದ್ದು. ಆತ ಘೋಷಣೆ ಕೂಗಲಿಲ್ಲ, ತಕ್ಕಡಿ ಹಿಡಿದ. ಮಲೆನಾಡಿನ ಯಾವ ಪ್ರೌಢಶಾಲೆಯಲ್ಲಾದರೂ ಕನ್ನಡದ ಎರಡು ಅಕ್ಷರವಿನ್ಯಾಸಗಳನ್ನು ಹೀಗೆಯೇ ಕತ್ತರಿಸಿ ತೂಗಬಹುದು. ಕಾರ್ಟ್ರಿಜ್ಜನ್ನೇ ಮುದ್ರಣಕ್ಕೆ ಮೊದಲು, ನೂರು ಪುಟಗಳ ನಂತರ ಸೂಕ್ಷ್ಮ ತಕ್ಕಡಿಯಲ್ಲಿಟ್ಟು ‘ಡ್ರಾಫ್ಟ್’, ‘ನಾರ್ಮಲ್’, ‘ಬೆಸ್ಟ್’ಗಳ ಅಂತರವನ್ನು ಗ್ರಾಮಿನಲ್ಲಿ ಬರೆದಿಡಬಹುದು. ತಮ್ಮದೇ ಯಂತ್ರದ ಲೆಕ್ಕಕ್ಕೆ ಮಿಗಿಲಾದ ಪ್ರಮಾಣ ಬೇರಿಲ್ಲ.

ತಯಾರಕರು ಕಾರ್ಟ್ರಿಜ್ಜಿನ ಮೇಲೆ ನಮೂದಿಸುವ ಪುಟಗಳ ಸಂಖ್ಯೆಯನ್ನು ಈ ದೃಷ್ಟಿಯಿಂದಲೇ ಓದಬೇಕು. ಐಎಸ್‌ಒ/ಐಇಸಿ 24711 ಎಂಬ ಅಂತರರಾಷ್ಟ್ರೀಯ ಮಾನಕದಂತೆ ನಿಗದಿತ ಮಾದರಿ ಪುಟಗಳನ್ನು, ಯಂತ್ರಕ್ಕೆ ಹುಟ್ಟಿನಿಂದ ಬಂದ ಹೊಂದಾಣಿಕೆಯಲ್ಲೇ, ಸತತವಾಗಿ ಮುದ್ರಿಸಿ ಪಡೆದ ಸಂಖ್ಯೆ ಅದು. ವಾರಕ್ಕೆರಡು ಹಾಳೆ ತೆಗೆಯುವ ಹಳ್ಳಿಯ ಸಂಘಕ್ಕೆ ಅಷ್ಟು ಪುಟಗಳು ದಕ್ಕುವುದಿಲ್ಲ.

ಮಳೆಗಾಲದ ಸೋರಿಕೆ

ದಕ್ಕದಿರುವುದಕ್ಕೆ ಮುಖ್ಯ ಕಾರಣ ಮುದ್ರಣವಾಗದೆಯೇ ಹೋಗುವ ಶಾಯಿ. ನಾಜಲ್ ಒಣಗಿ ಕಟ್ಟದಂತೆ ಯಂತ್ರ ಆಗಾಗ ತನ್ನನ್ನು ತಾನೇ ಶುಚಿಗೊಳಿಸಿಕೊಳ್ಳುತ್ತದೆ. ಆ ಶಾಯಿ ಒಳಗಿನ ಹೀರುಮೆತ್ತೆಗೆ ಸೇರುತ್ತದೆ. ಕೆಲಸ ಮುಗಿದಾಗ ಯಂತ್ರದ್ದೇ ಗುಂಡಿ ಒತ್ತಿ ಆರಿಸಿದರೆ ತಲೆ ತನ್ನ ಮುಚ್ಚಳದ ಮೇಲೆ ಬಂದು ಕೂರುತ್ತದೆ. ನಡುವೆ ವಿದ್ಯುತ್ ಹೋದರೆ, ಅಥವಾ ಗೋಡೆಯ ಸ್ವಿಚ್ಚನ್ನು ನೇರವಾಗಿ ಆರಿಸಿದರೆ, ತಲೆ ಬಯಲಲ್ಲೇ ಉಳಿದು ಶಾಯಿ ಒಣಗುತ್ತದೆ. ಮರಳಿ ಚಾಲೂ ಮಾಡಿದಾಗ ಹಲವು ಯಂತ್ರಗಳು ಮತ್ತೆ ಶುಚಿಗೊಳಿಸಲು ತೊಡಗುತ್ತವೆ. ಆಷಾಢದ ಗಾಳಿಮಳೆಗೆ ದಿನಕ್ಕೆ ಹತ್ತು ಬಾರಿ ವಿದ್ಯುತ್ ಹೋಗಿಬರುವ ಊರಿನಲ್ಲಿ ಇದು ಸಣ್ಣ ಸೋರಿಕೆಯಲ್ಲ. ಜೊತೆಗೆ ಮಳೆಗಾಲದ ತೇವಕ್ಕೆ ಮೆತ್ತಗಾದ ಕಾಗದದ ಮೇಲೆ ಶಾಯಿ ಬೇಗ ಹರಡುತ್ತದೆ. ‘ಬೆಸ್ಟ್’ ವಿಧಾನದ ಹೆಚ್ಚುವರಿ ಶಾಯಿ ಆಗ ಅಕ್ಷರವನ್ನು ತಿದ್ದುವ ಬದಲು ಕೆಡಿಸುತ್ತದೆ. ಕಾಗದವನ್ನು ಮುಚ್ಚಿದ ಡಬ್ಬದಲ್ಲಿ ಬೆಚ್ಚಗಿಡುವುದು, ಬೇಕಾದ ಹಾಳೆಗಳನ್ನು ಕೂಡಿಟ್ಟು ಒಮ್ಮೆಗೇ ಮುದ್ರಿಸುವುದು, ಗೆರೆ ಬಿಟ್ಟುಹೋದಾಗ ಮೊದಲು ನಾಜಲ್ ಪರೀಕ್ಷೆಯ ಹಾಳೆ ತೆಗೆದು ಅನಂತರವಷ್ಟೇ ಶುಚಿಗೊಳಿಸುವುದು ಇಲ್ಲಿ ಡಿಪಿಐ ತಗ್ಗಿಸುವುದಕ್ಕಿಂತ ಫಲಕಾರಿ.

ಶಾಯಿಗಿಂತ ಕಾಗದ ಭಾರ

ಇಷ್ಟಾದ ಮೇಲೂ ತಕ್ಕಡಿಯ ಇನ್ನೊಂದು ತಟ್ಟೆ ನೋಡಬೇಕು. ಪುಟದ ಶೇ. 5ರಷ್ಟು ಜಾಗವನ್ನು ಅಕ್ಷರ ಆವರಿಸಿದರೆ, ಮೇಲೆ ಹೇಳಿದ 600 ಡಿಪಿಐ ಲೆಕ್ಕದಲ್ಲಿ ಒಂದು ಎ4 ಹಾಳೆಗೆ ಬೀಳುವ ಶಾಯಿ ಸುಮಾರು 0.0175 ಮಿಲಿಲೀಟರ್, ತೂಕದಲ್ಲಿ ಹೆಚ್ಚುಕಡಿಮೆ ಅಷ್ಟೇ ಗ್ರಾಂ. 80 ಜಿಎಸ್‌ಎಂನ ಅದೇ ಹಾಳೆಯ ತೂಕ 5 ಗ್ರಾಂ. ಕಾಗದ ಶಾಯಿಗಿಂತ ಸುಮಾರು 280 ಪಟ್ಟು ಭಾರ. 1936ರಲ್ಲಿ ಭದ್ರಾವತಿಯಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ, 1950ರ ದಶಕದಲ್ಲಿ ದಾಂಡೇಲಿಯಲ್ಲಿ ತಲೆಯೆತ್ತಿದ ಕಾರ್ಖಾನೆ, ಅವುಗಳಿಗಾಗಿ ಕಾಡಿನ ಬಿದಿರು ಹೋದದ್ದು, ಬಳಿಕ ನೀಲಗಿರಿ, ಅಕೇಶಿಯಾ ನೆಡುತೋಪುಗಳು ಬಂದದ್ದು ಮಲೆನಾಡಿಗರು ಕಂಡುಂಡ ಇತಿಹಾಸ. ಗೋಮಾಳದಲ್ಲಿ ನೀಲಗಿರಿ ನೆಡುವುದರ ವಿರುದ್ಧ ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ 1987ರಲ್ಲಿ ನಡೆದ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹವನ್ನು ಹಿರಿಯರು ಮರೆತಿಲ್ಲ. ಹಾಳೆಯನ್ನು ಮರೆತು ಶಾಯಿಯನ್ನಷ್ಟೇ ಉಳಿಸುವುದು ತೋಟದ ಬೇಲಿ ಬಿಟ್ಟು ಬಾಗಿಲಿಗೆ ಬೀಗ ಹಾಕಿದಂತೆ.

ಶಾಯಿಗೂ ಕಾಗದಕ್ಕೂ ನೇರ ನಂಟೂ ಇದೆ. ಮಿತವಾದ ಶಾಯಿ ಬಿದ್ದ ಹಾಳೆಯ ಹಿಂಬದಿಯಲ್ಲೂ ಮುದ್ರಿಸಬಹುದು. ಶಾಯಿ ಅತಿಯಾದರೆ ಅದು ಹಿಂದಕ್ಕೆ ಇಳಿದು, ಆ ಮಗ್ಗುಲು ಕೆಲಸಕ್ಕೆ ಬಾರದಾಗುತ್ತದೆ. ಹನಿಯ ಹಿಡಿತದಿಂದ ಸಿಗುವ ನಿಜವಾದ ಲಾಭ ಇದೇ: ಎರಡು ಹಾಳೆಯ ಕೆಲಸ ಒಂದರಲ್ಲಿ ಮುಗಿಯುತ್ತದೆ.

ಈಚಿನ ವರ್ಷಗಳಲ್ಲಿ ಬಾಟಲಿಯಿಂದ ಶಾಯಿ ತುಂಬುವ ಟ್ಯಾಂಕ್ ಮುದ್ರಕಗಳು ಬಳಕೆಗೆ ಬಂದು ಪುಟದ ಖರ್ಚು ಇಳಿದಿದೆ. ಎಸೆಯುವ ಪ್ಲಾಸ್ಟಿಕ್ಕೂ ತಗ್ಗಿದೆ. ಇದು ಸ್ವಾಗತಾರ್ಹ. ಆದರೆ ಪಂಪ್‌ಸೆಟ್ಟಿನ ವಿದ್ಯುತ್ತಿಗೆ ಬಿಲ್ಲಿಲ್ಲವೆಂದಾದ ಮೇಲೆ ಕೊಳವೆಬಾವಿಯ ನೀರಿಗೆ ಏನಾಯಿತೆಂದು ಬಲ್ಲವರು, ಶಾಯಿ ಅಗ್ಗವಾದಾಗ ಕಾಗದದ ಗತಿಯೇನಾದೀತೆಂದೂ ಊಹಿಸಬಲ್ಲರು. ಬರಿದಾದ ಕಾರ್ಟ್ರಿಜ್ಜನ್ನು ಬಚ್ಚಲೊಲೆಗೆ ಹಾಕುವ, ಹಳ್ಳಕ್ಕೆ ಎಸೆಯುವ ರೂಢಿಯಂತೂ ನಿಲ್ಲಲೇಬೇಕು. ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಮುದ್ರಕದ ಜೊತೆಗೆ ಕಾರ್ಟ್ರಿಜ್ಜೂ ಸೇರಿದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ 2022ರ ನಿಯಮಗಳು ತ್ಯಾಜ್ಯದ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಪ್ರತಿ ಪಂಚಾಯಿತಿಯಲ್ಲೂ ಇವನ್ನು ಕೂಡಿಡುವ ಒಂದು ಪೆಟ್ಟಿಗೆಯನ್ನು ಗ್ರಾಮಸಭೆಯಲ್ಲಿ ಕೇಳಿ ಪಡೆಯುವುದು ಯುವಕ ಸಂಘಗಳಿಗೆ ಕಷ್ಟದ ಕೆಲಸವೇನಲ್ಲ.

ಪ್ರತಿ ಸಂಘವೂ ಶಾಲೆಯೂ ತನ್ನ ಮುದ್ರಕದ ಪಕ್ಕದ ಗೋಡೆಗೆ ನಾಲ್ಕು ಸಾಲಿನ ಒಂದು ಚೀಟಿ ಅಂಟಿಸಿದರೆ ಸಾಕು: ಕರಡಿಗೆ ‘ಡ್ರಾಫ್ಟ್’, ಓದುವ ಹಾಳೆಗೆ ‘ನಾರ್ಮಲ್’, ಗುರುತಿಸಬೇಕಾದ ಚಿತ್ರಕ್ಕೆ ಮಾತ್ರ ‘ಬೆಸ್ಟ್’, ಕಾಗದ ಯಾವುದೋ ಅದನ್ನೇ ಗಣಕಕ್ಕೂ ಹೇಳುವುದು, ಎರಡು ಮಗ್ಗುಲಲ್ಲೂ ಮುದ್ರಣ, ಆರಿಸುವುದು ಯಂತ್ರದ ಗುಂಡಿಯಿಂದ. ಮೈಲುತುತ್ತವನ್ನು ತೂಗದೆ ನೀರಿಗೆ ಹಾಕುವ ರೈತನಿಲ್ಲ. ಶಾಯಿಗೂ ಅದೇ ಶಿಸ್ತು ಒಗ್ಗೀತು.